ಮಸೀರಾದ ಬಾಗಿಲುಗಳು

ಅಕ್ಟೋಬರ್ 4, 2024. ಶುಕ್ರವಾರ

ಪೂಜೆಗೆ ಅವಾಲಿಯ ಚರ್ಚಿಗೆ ಹೋಗಿ ಬಂದೆ. ಗೆಳತಿ ಡೈನಾಳ ಕಾರಿನಲ್ಲಿ. ಬಂದ ಮೇಲೆ ಮೀನು ತೊಳೆದಿಟ್ಟೆ. ಯೂನಿಫಾರ್ಮಿಗೆ ಇಸ್ತ್ರಿ ಹಾಕಿದೆ. ಡಯಾಲಿಸಿಸ್ ಸೆಂಟರಿನಲ್ಲಿ ನಾಳೆಯಿಂದ ಮತ್ತೆ ಬೆಳಗಿನ ಶಿಫ್ಟ್.

ಡೆನ್ನಿಸ್ ಹೊರಟದ್ದು ಬುಧವಾರ. ಗಂಡನೆಲ್ಲಿ ಎಂದು ಚರ್ಚಿನಲ್ಲಿ ಕೇಳಿದವರಿಗೆ ಹೇಳಿದೆ — ಒಮಾನಿಗೆ, ಅಂಗಡಿ ಕೆಲಸದ ಮೇಲೆ. ಎಂತ ಕೆಲಸ? ಹಳೇ ಬಾಗಿಲು ತರುವುದು. ನಗುತ್ತಾರೆ. ಮೊದಲು ನಾನೂ ನಕ್ಕಿದ್ದೆ.

ವಿಷಯ ಇಷ್ಟು. ಅವನಿಗೆ ಐವತ್ತನಾಲ್ಕು. ಇಲ್ಲೇ ಮನಾಮಾ ಪಕ್ಕದ ಟುಬ್ಲಿಯಲ್ಲಿ ಎಸಿ ಬಿಡಿಭಾಗಗಳ ಗೋಡೌನಿನ ಮ್ಯಾನೇಜರ್ ಆಗಿದ್ದ. ಇಪ್ಪತ್ತೆರಡು ವರ್ಷ ಅದೇ ಕುರ್ಚಿ. ಜೂನ್‌ನಲ್ಲಿ ಕೆಲಸ ಬಿಟ್ಟ. ಯಾರೂ ತೆಗೆಯಲಿಲ್ಲ, ತಾನೇ ಬಿಟ್ಟ. ಈಗ ಜಿಂಜ್‌ನಲ್ಲಿ ಶಹೀದಾ ಎನ್ನುವವರ ಅಂಗಡಿಯಲ್ಲಿ ಪಾಲುದಾರ. ಹಳೇ ಪೇಂಟಿಂಗ್, ಕೆತ್ತನೆಯ ಬಾಗಿಲು, ಹಿತ್ತಾಳೆ ಮೊಳೆ ಹೊಡೆದ ಪೆಟ್ಟಿಗೆ. ಶ್ರೀಮಂತರು ಬಾಗಿಲು ಕೊಂಡು ಹಾಲ್‌ನಲ್ಲಿ ಗೋಡೆಗೆ ಒರಗಿಸಿ ನಿಲ್ಲಿಸುತ್ತಾರಂತೆ. ತೆರೆಯುವುದಿಲ್ಲ, ಮುಚ್ಚುವುದಿಲ್ಲ. ನೋಡುವುದು ಮಾತ್ರ.

ಒಮಾನಿನ ಮಸೀರಾ ದ್ವೀಪದಲ್ಲಿ ಒಂದು ಮರದ ಹಡಗು ಮರಳಿಗೆ ಸಿಕ್ಕಿ ಕೂತಿದೆಯಂತೆ. ಅದರೊಳಗೆ ಯಾರೋ ಹಳೇ ವರ್ತಕರ ಮನೆಯಿಂದ ಕಿತ್ತು ತಂದ ಬಾಗಿಲುಗಳು. ಮೂರು ತಿಂಗಳಿಂದ ಊಟದ ಮೇಜಿನಲ್ಲಿ ಬೇರೆ ಮಾತೇ ಇರಲಿಲ್ಲ. ಎಸಿ ಕಂಪ್ರೆಸರ್‌ಗಿಂತ ವಾಸಿ ಎಂದು ಕೇಳಿಸಿಕೊಂಡೆ.

ಕನ್ನಡದಲ್ಲಿ ಬರೆಯುತ್ತೇನೆ. ಮನೆಮಾತು ಕೊಂಕಣಿಯಾದರೂ ಕಲಿತದ್ದು ಕನ್ನಡ ಶಾಲೆಯಲ್ಲಿ. ಅಪ್ಪ ಶಿರ್ವದಲ್ಲಿ ಪೇಪರ್ ಏಜೆಂಟ್, ಓದು ಅಂದರೆ ಪೇಪರು. ಡೆನ್ನಿಸ್ ಮುಂಬೈಯ ಬೊರಿವಲಿಯಲ್ಲಿ ಹುಟ್ಟಿ ಬೆಳೆದವನು. ಅವನಿಗೆ ಕನ್ನಡ ಅಕ್ಷರ ಬಾರದು. ಪುಸ್ತಕವನ್ನು ಎಲ್ಲಿ ಬೇಕಾದರೂ ಬಿಡಬಹುದು.

ಅಕ್ಟೋಬರ್ 11, ಶುಕ್ರವಾರ

ದಿನವೂ ಒಂದು ಮೆಸೇಜ್ ಹಾಕುತ್ತೇನೆ. ಊಟ ಆಯ್ತಾ. ಬಿಸಿಲು ಹೇಗುಂಟು. ಇಲ್ಲಿ ಬೂತಾಯಿ ಮೀನು ಸಿಕ್ಕಿತು. ಅವನಿಂದ ಒಂದು ಹೆಬ್ಬೆರಳಿನ ಚಿತ್ರ. ಯಾವಾಗ ಬರುವುದು ಎಂದು ಕೇಳಿದ್ದಕ್ಕೆ — ‘ನೋಡುವ.’

ಫೋನ್ ಮಾಡಿದರೆ ಕಟ್ ಮಾಡಿ ‘ಬ್ಯುಸಿ’ ಎಂದು ಬರೆಯುತ್ತಾನೆ. ದ್ವೀಪದಲ್ಲಿ ನೆಟ್‌ವರ್ಕ್ ಕಡಿಮೆ ಇರಬೇಕು.

ಹೊರಟ ದಿನದ್ದು ನೆನಪಾಗುತ್ತಿದೆ. ದೊಡ್ಡ ಸೂಟ್‌ಕೇಸ್ ಎರಡು. ನಾಲ್ಕು ಬಾಗಿಲು ತರಲು ಇಷ್ಟು ಬಟ್ಟೆ ಯಾಕೆ ಎಂದೆ. ಜಿಪ್ ಎಳೆದ. ಚಟ್ನಿಪುಡಿ, ಉಪ್ಪಿನಕಾಯಿ, ಚಳಿಯಾದರೆ ಇರಲಿ ಎಂದು ಸ್ವೆಟರ್ — ನಾನೇ ತುಂಬಿಸಿ ಕೊಟ್ಟೆ. ಬಾಗಿಲಲ್ಲಿ ನಿಂತ. “ನನ್ನಿಂದ ಇನ್ನು ಆಗುದಿಲ್ಲ, ಪೌಲಿ” ಎಂದ. ಸೂಟ್‌ಕೇಸ್ ನಿಜವಾಗಿಯೂ ಭಾರ ಇತ್ತು. “ಕೊಡು ಇಲ್ಲಿ” ಎಂದು ಒಂದನ್ನು ನಾನು ಎಳೆದುಕೊಂಡು ಲಿಫ್ಟಿನವರೆಗೆ ಹೋದೆ. ಲಿಫ್ಟಿನೊಳಗೆ ನಿಂತು ನನ್ನನ್ನೇ ನೋಡಿದ. “ಯೆತಾಂ” ಎಂದ, ಬರುತ್ತೇನೆ ಅಂತ. ಬೇಗ ಬಾ ಎಂದೆ. ಲಿಫ್ಟಿನ ಬಾಗಿಲು ಮುಚ್ಚಲು ಸ್ವಲ್ಪ ಹೊತ್ತು ಹಿಡಿಯಿತು. ಕೆಳಗೆ ವಾಚ್‌ಮನ್‌ಗೆ ಹೇಳಬೇಕು, ರಿಪೇರಿ ಮಾಡಿಸಲಿ.

ಅಕ್ಟೋಬರ್ 18, ಶುಕ್ರವಾರ

ಚರ್ಚಿನ ಹೊರಗೆ ಡೈನಾ ನನ್ನ ಕೈ ಹಿಡಿದು ನಿಂತಳು. “ಪೌಲಿನ್, ನೀನು ಎಷ್ಟು ಸ್ಟ್ರಾಂಗ್ ಮಾರಾಯ್ತಿ. ನಾನಾಗಿದ್ರೆ ಹಾಸಿಗೆ ಹಿಡೀತಿದ್ದೆ.”

ಮಂಡಿನೋವಿನ ವಿಷಯ ಎಂದುಕೊಂಡೆ. “ಎಂತ ಮಾಡುದು, ಪ್ರಾಯ ಆಯ್ತಲ್ಲ” ಎಂದೆ.

“ಪ್ರಾಯ! ಅಷ್ಟು ಸುಲಭದಲ್ಲಿ ಹೇಳ್ತೀಯಲ್ಲ ನೀನು.”

“ಎಣ್ಣೆ ಹಚ್ಚಿ ಬಿಸಿನೀರು ಹಾಕ್ತೇನೆ. ಕಡಿಮೆ ಆಗ್ತದೆ.”

ಡೈನಾ ನನ್ನನ್ನು ಒಂದು ರೀತಿ ನೋಡಿದಳು. ಕಾಯಿರ್‌ನಲ್ಲಿ ಹಾಡುವ ಆಲ್ಫೋನ್ಸ್ ಕೂಡ ಬಂದು ಬೆನ್ನು ತಟ್ಟಿ ಹೋದ. ಮಂಡಿನೋವಿಗೆ ಇಷ್ಟು ಮರ್ಯಾದೆ ಈವರೆಗೆ ಸಿಕ್ಕಿರಲಿಲ್ಲ.

ಮಣಿಪಾಲದಿಂದ ಮಗಳು ಅನಿಶಾ ಮೆಸೇಜ್ ಹಾಕಿದ್ದಾಳೆ. ಬರೀ ಹೃದಯದ ಚಿತ್ರಗಳು. ಪರೀಕ್ಷೆ ಹತ್ತಿರ ಬಂದಿರಬೇಕು.

ನವೆಂಬರ್ 8, ಶುಕ್ರವಾರ

ಅಡುಗೆಮನೆ ಕಪಾಟಿನ ಬಾಗಿಲು ಕಳಚಿ ಬಿದ್ದಿತ್ತು. ಕಮಲಾಕ್ಷನಿಗೆ ಫೋನ್ ಮಾಡಿದ್ದೆ. ಕಾಪು ಕಡೆಯವನು, ಟುಬ್ಲಿಯಲ್ಲಿ ಮರದ ಕೆಲಸದ ವರ್ಕ್‌ಶಾಪ್. ಶಹೀದಾರ ಅಂಗಡಿಯ ಬಾಗಿಲುಗಳ ರಿಪೇರಿಯೂ ಅವನದ್ದೇ. ಇವತ್ತು ರಜೆಯಾದರೂ ಬಂದ. ಸ್ಕ್ರೂ ಬಿಗಿಯುತ್ತಾ ಮಾತಾಡುತ್ತಿದ್ದ.

“ಹಿಂಜ್ ತುಕ್ಕು ಹಿಡಿದಿದೆ ಪೌಲಿನಕ್ಕ. ಹೊಸತು ಹಾಕ್ತೇನೆ. ಡೆನ್ನಿಸಣ್ಣನತ್ರ ನಿನ್ನೆಯೇ ಹೇಳಿದ್ರೆ ಅವರ ಕೈಯಲ್ಲೇ ಕೊಟ್ಟು ಕಳಿಸ್ತಿದ್ದೆ.”

“ಯಾರ ಹತ್ರ?”

“ಡೆನ್ನಿಸಣ್ಣನತ್ರ. ನಿನ್ನೆ ವರ್ಕ್‌ಶಾಪಿಗೆ ಬಂದಿದ್ರಲ್ಲ.”

“ಒಮಾನಿಂದ ಯಾವಾಗ ಬಂದ?”

ಸ್ಕ್ರೂಡ್ರೈವರ್ ನಿಂತಿತು. ನನ್ನ ಮುಖ ನೋಡಲಿಲ್ಲ. ಕಪಾಟಿನೊಳಗೆ ತಲೆ ಹಾಕಿದ.

“ಒಮಾನಾ... ಅದು ನನಗೆ ಗೊತ್ತಿಲ್ಲಕ್ಕ. ಅವರು ದಿನಾ ಬರ್ತಾರೆ. ಜಿಂಜ್‌ನಲ್ಲೇ ಇದ್ದಾರಲ್ಲ, ಅಂಗಡಿ ಮೇಲಿನ ರೂಮಲ್ಲಿ. ನಾನು ಎಂತ ಅಂತ ಹೇಳುದು... ಹಿಂಜ್ ತರ್ತೇನೆ, ಗಾಡಿಯಲ್ಲುಂಟು.”

ಹೋದವನು ಅರ್ಧ ಗಂಟೆಯಾದರೂ ಮೇಲೆ ಬರಲಿಲ್ಲ. ಕಿಟಕಿಯಿಂದ ನೋಡಿದರೆ ಗಾಡಿಯ ಬಳಿ ಸುಮ್ಮನೆ ನಿಂತಿದ್ದ. ನಾನೇ ಕೆಳಗೆ ಹೋಗಿ ಕರೆದುಕೊಂಡು ಬಂದೆ. ಚಹಾ ಕೊಟ್ಟೆ. ಬಾಗಿಲು ಈಗ ಸರಿ ಕೂರುತ್ತದೆ.

ಗುದೈಬಿಯಾದ ನಮ್ಮ ಮನೆಯಿಂದ ಜಿಂಜ್‌ಗೆ ಹತ್ತು ನಿಮಿಷದ ದಾರಿ.

ನವೆಂಬರ್ 9, ಶನಿವಾರ. ಸಂಜೆ

ಡ್ಯೂಟಿ ಮುಗಿಸಿ ಹೋದೆ. ಬರೆದಿಡಬೇಕು. ಆಡಿದ್ದೆಲ್ಲ ಕೊಂಕಣಿಯಲ್ಲಿ, ಬರೆಯುವುದು ಕನ್ನಡದಲ್ಲಿ. ಮಾತು ಮಾತ್ರ ಅದೇ.

ರೂಮಿನಲ್ಲಿ ಒಂದು ಮಂಚ, ಎರಡು ಸೂಟ್‌ಕೇಸ್, ಗೋಡೆಯ ತುಂಬ ಪೇಂಟಿಂಗ್. ಒಂದರಲ್ಲಿ ಕುದುರೆಗೆ ಐದು ಕಾಲು. ನನ್ನ ಚಟ್ನಿಪುಡಿ ಡಬ್ಬಿ ಕಿಟಕಿಯಲ್ಲಿತ್ತು, ಖಾಲಿ. ಡೆನ್ನಿಸ್ ಗಡ್ಡ ಬಿಟ್ಟಿದ್ದಾನೆ. ಗಾಬರಿಯಾಗಲಿಲ್ಲ. ಖುಷಿಯಾದವನಂತೆ ಕುರ್ಚಿ ಎಳೆದು ಹಾಕಿದ.

“ನೀನು ಒಮಾನಿಗೆ ಹೋಗ್ಲೇ ಇಲ್ವಾ?” ಕೇಳಿದೆ.

“ಎಲ್ಲಿ ಹೋಗುದು? ಪರ್ಮಿಟ್ ಬರ್ಲಿಲ್ಲ ಇನ್ನೂ. ಕ್ರಿಸ್ಮಸ್ ಕಳೆದು ಹೋಗ್ತೇವೆ.”

“ಮತ್ತೆ ಇಲ್ಲಿ ಎಂತ ಮಾಡ್ತಾ ಇದ್ದೀ?”

“ಇಲ್ಲಿ ಇದ್ದೇನೆ, ಪೌಲಿ. ಹೇಳಿ ಬಂದಿದ್ದೆನಲ್ಲ.”

“ಎಂತ ಹೇಳಿದ್ದು?”

ಅವನು ನನ್ನ ಮುಖ ನೋಡಿದ. ಆಮೇಲೆ ನಿಧಾನವಾಗಿ ಮಂಚದ ಮೇಲೆ ಕೂತ.

“ನನ್ನಿಂದ ಇನ್ನು ಆಗುದಿಲ್ಲ ಅಂತ ಹೇಳಿದೆ. ಬಾಗಿಲಲ್ಲಿ ನಿಂತು.”

“ಅದು ಸೂಟ್‌ಕೇಸ್ ಎತ್ಲಿಕ್ಕೆ!”

“ಸೂಟ್‌ಕೇಸ್‌ಗೆ ಚಕ್ರ ಉಂಟು ಮಾರಾಯ್ತಿ.”

“ಹಾಗಾದ್ರೆ ನಾನು ಎಳ್ಕೊಂಡು ಬಂದದ್ದು?”

“ನೀನು ಒಪ್ಪಿದಿ ಅಂತ ತಿಳ್ಕೊಂಡೆ. ಬ್ಯಾಗ್ ಬೇರೆ ತುಂಬಿಸಿ ಕೊಟ್ಟಿ. ಸ್ವೆಟರ್ ಇಟ್ಟಿ. ಪೌಲಿ ಎಷ್ಟು ಚೆನ್ನಾಗಿ ತಗೊಂಡಳು ಅಂತ ಎಲ್ಲರ ಹತ್ರ ಹೇಳಿದೆ ನಾನು. ಡೈನಾನ ಹತ್ರ, ಆಲ್ಫೋನ್ಸ್‌ನ ಹತ್ರ. ಅನಿಶಾನ ಹತ್ರ ಕೂಡ.”

ಎಲ್ಲರಿಗೂ ಗೊತ್ತಿತ್ತು. ಮಂಡಿನೋವು ಅಲ್ಲ.

“ಉಸಿರು ಕಟ್ತದೆ ಅಂತಲೂ ಹೇಳಿದ್ದೆ,” ಅವನೇ ಮುಂದುವರಿಸಿದ. “ಸೆಪ್ಟೆಂಬರಲ್ಲಿ. ನೀನು ಎಸಿ ಫಿಲ್ಟರ್ ತೊಳೆಸಿದಿ.”

ಹೌದು, ತೊಳೆಸಿದ್ದೆ. ಕಸ ತುಂಬ ಇತ್ತು.

“ಯೆತಾಂ ಅಂದಿ ನೀನು,” ನಾನು ಹೇಳಿದೆ. “ಲಿಫ್ಟಿನಲ್ಲಿ ನಿಂತು ಯೆತಾಂ ಅಂದಿ. ನನ್ನ ಕಿವಿಯಲ್ಲಿ ಕೇಳಿದ್ದೇನೆ.”

“ಅಂದೆ. ಮತ್ತೆಂತ ಹೇಳ್ಬೇಕಿತ್ತು? ವೆತಾಂ ಅಂತ ಹೇಳ್ಲಿಕ್ಕೆ ನೀನು ಬಿಟ್ಟದ್ದುಂಟಾ ಇಪ್ಪತ್ತೇಳು ವರ್ಷದಲ್ಲಿ?”

ವೆತಾಂ ಎಂದರೆ ಹೋಗುತ್ತೇನೆ. ಯೆತಾಂ ಎಂದರೆ ಬರುತ್ತೇನೆ. ನಮ್ಮಲ್ಲಿ ಮನೆಯಿಂದ ಹೊರಡುವವರು ಹೋಗುತ್ತೇನೆ ಎನ್ನಬಾರದು. ಅದು ಸಾಯುವವರ ಮಾತು. ಅವನ ಮುಂಬೈ ಮನೆಯಲ್ಲಿ ಈ ಲೆಕ್ಕ ಇರಲಿಲ್ಲ. ಮದುವೆಯಾದ ವಾರ ಶಿರ್ವದ ನಮ್ಮ ಮನೆಯಿಂದ ಪೇಟೆಗೆ ಹೊರಟವನು ಮೆಟ್ಟಿಲಿಳಿಯುತ್ತಾ ‘ವೆತಾಂ’ ಎಂದ. ಅಮ್ಮನ ಮುಖ ಬಿಳಿಚಿತು. ನಾನು ಓಡಿ ಹೋಗಿ ಒಳಗೆ ಕರೆತಂದು, ಕುರ್ಚಿಯಲ್ಲಿ ಕೂರಿಸಿ, ನೀರು ಕುಡಿಸಿ, ಮತ್ತೆ ಕಳಿಸಿದೆ. ಯೆತಾಂ ಎಂದು ಮೂರು ಸಲ ಹೇಳಿಸಿದೆ. ಮನೆಯವರೆಲ್ಲ ನಕ್ಕರು. ಅವನೂ ನಕ್ಕ. ಆಮೇಲೆ ಒಂದು ದಿನವೂ ತಪ್ಪಲಿಲ್ಲ. ಗೋಡೌನಿಗೆ ಹೋಗುವಾಗ, ಮೀನು ತರಲು ಹೋಗುವಾಗ. ಬಿಟ್ಟು ಹೋಗುವಾಗಲೂ ತಪ್ಪಲಿಲ್ಲ.

“ಶಹೀದಾನಾ?” ಕೇಳಿದೆ.

ಅವನಿಗೆ ನಿಜವಾಗಿ ನಗು ಬಂತು. “ಶಹೀದಾ? ನಾನು ಒಂದು ಸಾಲು ಮುಗಿಸುವ ಮೊದಲು ಅವಳು ಗಿರಾಕಿಗೆ ಚಹಾ ತರ್ಲಿಕ್ಕೆ ಕಳಿಸ್ತಾಳೆ ನನ್ನನ್ನು. ಯಾರೂ ಇಲ್ಲ, ಪೌಲಿ. ದೇವರಾಣೆ ಯಾರೂ ಇಲ್ಲ.”

“ಮತ್ತೆ?”

“ಮತ್ತೆ ಎಂತದೂ ಇಲ್ಲ. ಅದೇ ವಿಷಯ.”

ಮೆಟ್ಟಿಲಿನವರೆಗೆ ಬಂದು ಲೈಟ್ ಹಾಕಿದ. ಜಾಗ್ರತೆ, ಮೂರನೇ ಮೆಟ್ಟಿಲು ಒಡೆದಿದೆ ಎಂದ.

ನವೆಂಬರ್ 10, ಭಾನುವಾರ

ಬೇರೆ ಯಾರಾದರೂ ಇದ್ದಿದ್ದರೆ ಸುಲಭವಿತ್ತು. ಅವಳಿಗೆ ಒಂದು ಮುಖ ಇರುತ್ತಿತ್ತು. ಬೈಯಬಹುದಿತ್ತು. ಯಾರೂ ಇಲ್ಲ ಎಂದರೆ — ಯಾರೂ ಇಲ್ಲದಿರುವುದು ನನಗಿಂತ ವಾಸಿ ಎಂದಾಯಿತು.

ನವೆಂಬರ್ 12

ಅನಿಶಾಳಿಗೆ ಫೋನ್ ಮಾಡಿ ಬೈದೆ. ಯಾಕೆ ಹೇಳಲಿಲ್ಲ ಎಂದು.

“ಮಮ್ಮಾ, ನಿಮಗೆ ಗೊತ್ತಿರ್ಲಿಲ್ಲ ಅಂತ ನನಗೆ ಹೇಗೆ ಗೊತ್ತು? ಡ್ಯಾಡಿ ಸೆಡ್ ಯೂ ಪ್ಯಾಕ್ಡ್ ಹಿಸ್ ಬ್ಯಾಗ್.”

ಅದೂ ಸರಿ.

ಡಿಸೆಂಬರ್ 6, ಶುಕ್ರವಾರ

ಮೂರು ವಾರ ಬರೆಯಲಿಲ್ಲ. ಬರೆಯುವಂಥದ್ದು ಇರಲಿಲ್ಲ. ಡ್ಯೂಟಿ, ಮನೆ. ಅವಾಲಿಗೆ ಹೋಗುವುದು ಬಿಟ್ಟಿದ್ದೇನೆ, ಮನಾಮಾದ ಚರ್ಚಿನಲ್ಲಿ ಹಿಂದಿನ ಸಾಲಿನಲ್ಲಿ ಕೂತು ಬರುತ್ತೇನೆ. ಸೆಂಟರಿನಲ್ಲಿ ಯಾರಿಗೂ ಹೇಳಿಲ್ಲ. ಕೇಳಿದರೆ ಟೂರ್‌ನಲ್ಲಿದ್ದಾನೆ ಎನ್ನುತ್ತೇನೆ. ಮೊದಲು ಅದೇ ಮಾತನ್ನು ನಂಬಿ ಹೇಳುತ್ತಿದ್ದೆ.

ಇವತ್ತು ಶಹೀದಾ ಮನೆಗೆ ಬಂದರು. ಕರಾಚಿಯವರು. ನನ್ನದೇ ಪ್ರಾಯ, ಬಿಳಿ ಕೂದಲಿಗೆ ಬಣ್ಣ ಹಾಕಿಲ್ಲ. ಖರ್ಜೂರದ ಡಬ್ಬಿ ಕೊಟ್ಟು ಸೋಫಾದ ತುದಿಯಲ್ಲಿ ಕೂತರು.

“ಭಾಭಿ, ಏಕ್ ಬಾತ್ ಪೂಛ್ನೀ ಥೀ. ಡೆನ್ನಿಸ್ ಕೋ ತೈರ್ನಾ ಆತಾ ಹೈ?”

ಈಜು? “ನಹೀಂ” ಎಂದೆ.

“ಬಿಲ್‌ಕುಲ್ ನಹೀಂ? ಮುಝೇ ತೋ ಬೋಲಾ, ಮೈಂ ಸಮಂದರ್ ಕಿನಾರೇ ಕಾ ಆದ್ಮಿ ಹೂಂ.”

ಸಮುದ್ರ ತೀರದವನಂತೆ! “ಬೊರಿವಲಿ ಕಾ ಹೈ” ಎಂದೆ.

ಇಬ್ಬರೂ ಒಟ್ಟಿಗೆ ನಕ್ಕೆವು. ನಕ್ಕ ಮೇಲೆ ಅವರು ಕಣ್ಣೊರೆಸಿಕೊಂಡು ಹೇಳಿದ್ದು ಇಷ್ಟು: ಹಡಗು ಪೂರ್ತಿ ದಡದಲ್ಲಿಲ್ಲ. ಭರತ ಬಂದಾಗ ಅರ್ಧ ಮುಳುಗುತ್ತದೆ. ಇಳಿತದ ಹೊತ್ತಿನಲ್ಲಿ ಒಳಗೆ ಹೋಗಿ ಬಾಗಿಲು ಹೊರಗೆ ತರಬೇಕು. ಕೂಲಿಯವರಿದ್ದಾರೆ, ಆದರೆ ಡೆನ್ನಿಸ್ ತಾನೇ ಒಳಗೆ ಹೋಗುತ್ತೇನೆ ಎಂದು ಹಟ ಹಿಡಿದಿದ್ದಾನೆ. ನೀವು ಹೇಳಿದರೆ ಕೇಳುತ್ತಾನೆ.

ನಾನು ಹೇಳಿದರೆ! ಆದರೂ ಫೋನ್ ಮಾಡಿದೆ. ಎತ್ತಿದ. ಹೋಗಬೇಡ ಎಂದೆ. “ಇದೊಂದು ಮಾಡ್ಲಿಕ್ಕೆ ಬಿಡು, ಪೌಲಿ. ಆಮೇಲೆ ನೋಡುವ” ಎಂದ.

ಆಮೇಲೆ ನೋಡುವ. ಅದರ ಅರ್ಥ ಏನೆಂದು ಕೇಳಲಿಲ್ಲ. ಕೇಳದೆ ಇಟ್ಟುಕೊಂಡೆ.

ಡಿಸೆಂಬರ್ 25

ಅನಿಶಾ ಬಂದಿದ್ದಾಳೆ. ಮಧ್ಯಾಹ್ನ ಅಪ್ಪನ ಜೊತೆ ಹೋಟೆಲ್ಲಿಗೆ, ರಾತ್ರಿ ಮನೆಯಲ್ಲಿ ನನ್ನ ಜೊತೆ. ಎರಡು ಸಲ ತಿಂದು ಹೊಟ್ಟೆ ಕೆಟ್ಟಿತು. ಡ್ಯಾಡಿ ಲುಕ್ಸ್ ಹ್ಯಾಪಿ ಎಂದಳು. ನನ್ನ ಮುಖ ನೋಡಿ, “ಹ್ಯಾಪಿ ಅಂದ್ರೆ... ತೆಳ್ಳಗಾಗಿದ್ದಾರೆ” ಎಂದು ತಿದ್ದಿದಳು.

ಡಿಸೆಂಬರ್ 31, ಮಂಗಳವಾರ

ಮಸೀರಾ ತಲುಪಿದ್ದಾನೆ. ಈ ಸಲ ನಿಜವಾಗಿಯೂ. ವಾಯ್ಸ್ ಮೆಸೇಜ್ ಬಂತು, ಕೊಂಕಣಿಯಲ್ಲಿ. ಸೆಂಟರಿನ ಪ್ಯಾಂಟ್ರಿಯಲ್ಲಿ ನಿಂತು ಕೇಳಿದೆ.

ಹಿಂದೆ ಗಾಳಿಯ ಸದ್ದು. ಹೊಸ ವರ್ಷಕ್ಕೆ ಎಲ್ಲರೂ ಕೇಕ್ ತಿನ್ನುವಾಗ ನಾನು ಮರಳು ತಿನ್ನುತ್ತಿದ್ದೇನೆ ಎಂದ. ದೋಣಿಯಲ್ಲಿ ಎದುರು ಕೂತ ಒಂದು ಆಡು ಇಡೀ ದಾರಿ ತನ್ನನ್ನೇ ನೋಡುತ್ತಿತ್ತಂತೆ, ಗೋಡೌನಿನ ಹಳೇ ಬಾಸ್ ನೋಡುವ ಹಾಗೆ. “ನಿನಗೆ ನಗು ಬರ್ತದೆ, ಗೊತ್ತುಂಟು ನನಗೆ” ಎಂದ.

ಬಂತು. ಜೋರಾಗಿಯೇ ಬಂತು. ಪೇಷೆಂಟ್ ಉಮ್ ಯೂಸುಫ್ ಬೆಡ್ಡಿನಿಂದ ಕೂಗಿ ಕೇಳಿದರು — ಸಿಸ್ಟರ್, ಶೂ ಫೀ? ಏನೂ ಇಲ್ಲ ಅಜ್ಜಿ ಎಂದೆ.

ಜನವರಿ 3, 2025. ಶುಕ್ರವಾರ

ದಿನ ಬಿಟ್ಟು ದಿನ ಬರುತ್ತಿವೆ. ನಿನ್ನೆಯದ್ದು: ಹಡಗಿನೊಳಗೆ ಇಳಿದ. ಸೊಂಟದವರೆಗೆ ನೀರು. ಬಾಗಿಲುಗಳಿರುವುದು ನಿಜ, ಒಂದರ ಮೇಲೊಂದು ಪೇರಿಸಿಟ್ಟ ದೋಸೆಗಳ ಹಾಗೆ. ಮೇಲಿನದನ್ನು ಮುಟ್ಟಿದರೆ ಕೈ ಒಳಗೇ ಹೋಯಿತು. ಹುಳ ತಿಂದು ಬರೀ ಹೊರಮೈ ಉಳಿದಿದೆ. “ಎಷ್ಟು ಚಂದದ ಕೆತ್ತನೆ ಗೊತ್ತುಂಟಾ. ಒಳಗೆ ಎಂತದೂ ಇಲ್ಲ. ನಾನು ಅಲ್ಲೇ ನೀರಲ್ಲಿ ನಿಂತು ಸ್ವಲ್ಪ ಹೊತ್ತು ಅತ್ತೆ. ನಿನ್ನ ಹತ್ರ ಹೇಳ್ಲಿಕ್ಕೆ ನಾಚಿಕೆ ಎಂತ.”

ನನ್ನ ಹತ್ತಿರ.

ಇಪ್ಪತ್ತೇಳು ವರ್ಷದಲ್ಲಿ ಅವನು ಅತ್ತದ್ದು ನೋಡಿಲ್ಲ. ಅತ್ತೆ ಎಂದು ಹೇಳಿದ್ದೂ ಇಲ್ಲ.

ಜನವರಿ 5

ಎರಡು ಬಾಗಿಲು ಗಟ್ಟಿ ಇವೆಯಂತೆ, ಎಲ್ಲಕ್ಕಿಂತ ಕೆಳಗಿನವು. ಲಾರಿಗೆ ಹಾಕಿದ್ದಾರೆ. ಆಡು ಮತ್ತೆ ಸಿಕ್ಕಿತಂತೆ. “ಬಾಸ್ ಬಂದಿದ್ದಾರೆ” ಎಂದು ತಾನು ಎದ್ದು ನಿಂತನಂತೆ.

ಇವತ್ತು ಬೆಡ್‌ಶೀಟ್ ಬದಲಾಯಿಸಿದೆ. ಅವನ ಕಪಾಟಿಗೆ ಹೊಸ ಪೇಪರ್ ಹಾಸಿದೆ. ಸುಮ್ಮನೆ. ಹೇಗೂ ಧೂಳು ಕೂತಿತ್ತು.

ಅವಾಲಿಗೂ ಹೋಗಿ ಬಂದೆ. ಡೈನಾ “ಮುಖಕ್ಕೆ ಕಳೆ ಬಂದಿದೆ” ಎಂದಳು.

ಜನವರಿ 16, ಗುರುವಾರ

ಬಾಗಿಲುಗಳ ಪ್ರದರ್ಶನ. ಶಹೀದಾರೇ ಫೋನ್ ಮಾಡಿ ಕರೆದರು. ನೀಲಿ ಸೀರೆ ಉಟ್ಟೆ. ಡೈನಾಳೂ ಬಂದಳು.

ಬಾಗಿಲುಗಳು ನಿಜವಾಗಿ ಚಂದ. ಕಮಲಾಕ್ಷ ಉಪ್ಪು ತೆಗೆದು, ಎಣ್ಣೆ ಕುಡಿಸಿ, ಹೊಳೆಯುವ ಹಾಗೆ ಮಾಡಿದ್ದಾನೆ. ತಾನೂ ಇಸ್ತ್ರಿ ಶರ್ಟು ಹಾಕಿ ಮೂಲೆಯಲ್ಲಿ ನಿಂತಿದ್ದ. ನನ್ನನ್ನು ಕಂಡು ಜ್ಯೂಸ್ ತಂದುಕೊಟ್ಟ. ಡೆನ್ನಿಸ್ ಲಿನನ್ ಕೋಟು. ಸುತ್ತ ಜನ. ದೂರದಿಂದ ಕೈ ಎತ್ತಿದ. ನಾನೂ ಎತ್ತಿದೆ.

ಮಸೀರಾದ ಕಥೆ ಹೇಳುತ್ತಿದ್ದ, ಇಂಗ್ಲಿಷ್‌ನಲ್ಲಿ. ಹತ್ತಿರ ಹೋಗಿ ನಿಂತೆ. ದೋಣಿ. ಮರಳು. ಆಡು. ಡೈನಾ ನನ್ನ ಕಿವಿಯಲ್ಲಿ ಮೊದಲೇ ಹೇಳಿದಳು: “ಈಗ ನೋಡು, ‘ಬಾಸ್ ಬಂದಿದ್ದಾರೆ’ ಅಂತಾನೆ.”

ಅವನು ಹಾಗೇ ಹೇಳಿದ. ಎಲ್ಲರೂ ನಕ್ಕರು.

“ನಿನಗೆ ಹೇಗೆ ಗೊತ್ತು?” ಡೈನಾಳನ್ನು ಕೇಳಿದೆ.

“ವಾಯ್ಸ್ ಬಂದಿತ್ತಲ್ಲ.”

“ಯಾರಿಗೆ?”

“ನಮಗೆಲ್ಲ. ಬ್ರಾಡ್‌ಕಾಸ್ಟ್ ಮಾಡಿದ್ದಲ್ವಾ ಅವನು. ಆಲ್ಫೋನ್ಸ್‌ಗೆ, ಕಾಯಿರ್‌ನವರಿಗೆಲ್ಲ. ನಿನಗೂ ಹಾಕಿದ್ನಾ? ಪಾಪ, ಒಳ್ಳೇದಾಯ್ತು.”

ಫೋನ್ ತೆಗೆದು ತೋರಿಸಿದಳು. ಅದೇ ದಿನಗಳು. ಅದೇ ಉದ್ದ. ನೀರಿನಲ್ಲಿ ನಿಂತು ಅತ್ತದ್ದೂ ಇತ್ತು.

ಒಂದೊಂದಾಗಿ ನೆನಪು ಮಾಡಿಕೊಂಡೆ. ಯಾವುದರಲ್ಲೂ ಪೌಲಿ ಎಂದು ಕರೆದಿರಲಿಲ್ಲ. ‘ನೀನು’ ಎಂದಿದ್ದ. ಹೆಸರು ನಾನು ತುಂಬಿಸಿಕೊಂಡೆ.

ಜನ ಕರಗುವವರೆಗೆ ಕಾದೆ. ಡೆನ್ನಿಸ್ ಬಂದ. “ಹೇಗಿದೆ?” ಎಂದ, ಬಾಗಿಲುಗಳನ್ನು ತೋರಿಸಿ.

“ಚಂದ ಉಂಟು. ಒಂದು ಕೇಳ್ತೇನೆ, ನೇರ ಹೇಳು. ಮನೆಗೆ ಬರ್ತೀಯಾ ಇಲ್ವಾ? ನೋಡುವ ಅನ್ಬೇಡ. ಹೆಬ್ಬೆರಳು ತೋರಿಸ್ಬೇಡ.”

ಕೋಟಿನ ಗುಂಡಿ ಬಿಚ್ಚಿದ, ಹಾಕಿದ.

“ಇಲ್ಲ, ಪೌಲಿ.”

“ಸರಿ.”

“ನಿನ್ನ ತಪ್ಪು ಎಂತದೂ ಇಲ್ಲ.”

“ಅದು ಗೊತ್ತುಂಟು ನನಗೆ.”

ಶಹೀದಾ ಆಚೆಯಿಂದ ಕೂಗಿದರು — ಡೆನ್ನಿಸ್, ಚಾಯ್. ಅವನು ಹೋದ.

ಜನವರಿ 17

ಪೂಜೆಗೆ ಹೋಗಲಿಲ್ಲ.

ಜನವರಿ 28, ಮಂಗಳವಾರ

ಡೈನಾ ಬಂದಿದ್ದಳು, ಕೇಕ್ ತಂದು. ಸ್ಟ್ರಾಂಗ್ ಎಂದಳು. ಆಲ್ಫೋನ್ಸ್ ಫೋನ್ ಮಾಡಿ ಸ್ಟ್ರಾಂಗ್ ಎಂದ. ಅನಿಶಾ ಪ್ರೌಡ್ ಆಫ್ ಯೂ ಎಂದಳು. ಇಷ್ಟು ಜನ ಸೇರಿ ಹೊಗಳಿದ ಮೇಲೆ ಅಳುವುದು ಹೇಗೆ? ಡೈನಾ ಹೋದ ಮೇಲೆ ಪ್ರಯತ್ನಿಸಿದೆ. ಬರಲಿಲ್ಲ. ಪಾತ್ರೆ ತೊಳೆದೆ.

ಫೆಬ್ರವರಿ 2, ಭಾನುವಾರ

ಸೆಂಟರಿಗೆ ಹೊಸ ಸ್ಟಾಫ್ ಬಂದಿದ್ದಾಳೆ. ನವ್ಯಶ್ರೀ, ಪುತ್ತೂರಿನ ಹುಡುಗಿ. ಕನ್ನಡ ಸಿಕ್ಕಿದ ಖುಷಿಗೆ ಬೆಳಗಿನಿಂದ ನನ್ನ ಬೆನ್ನಿಗೇ ಇದ್ದಳು. ಪ್ಯಾಂಟ್ರಿಯಲ್ಲಿ ಟಿಫಿನ್ ಬಿಚ್ಚುತ್ತಾ ಕೇಳಿದಳು.

“ಅಕ್ಕ, ನಿಮ್ಮ ಯಜಮಾನ್ರೂ ಇಲ್ಲೇ ಕೆಲಸದಲ್ಲಿರುದಾ?”

ಟೂರ್‌ನಲ್ಲಿದ್ದಾರೆ ಎಂದು ಬಾಯಿಗೆ ಬಂತು. ಹೇಳಲಾಗಲಿಲ್ಲ. ಈ ಹುಡುಗಿಯ ಹತ್ತಿರವೂ ಸುಳ್ಳಿನಿಂದ ಶುರು ಮಾಡುವುದೇ? ನಿಜ ಹೇಳಿದೆ.

“ಇಲ್ಲ. ಅವರು ಹೋದ್ರು.”

ಅವಳ ಕೈಯಲ್ಲಿದ್ದ ಇಡ್ಲಿ ತುಂಡು ಅಲ್ಲೇ ನಿಂತಿತು.

“ಅಯ್ಯೋ ದೇವರೇ... ಯಾವಾಗಕ್ಕ?”

“ಅಕ್ಟೋಬರ್ ಎರಡಕ್ಕೆ.”

“ಮೊನ್ನೆ ಮೊನ್ನೆ! ಹಾರ್ಟಾ?”

ಆಗ ಅರ್ಥವಾಯಿತು, ಅವಳು ಏನು ತಿಳಿದಳು ಎಂದು. ಅಲ್ಲ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಎದ್ದು ಬಂದಳು. ಕೈ ತೊಳೆಯಲೂ ಇಲ್ಲ. ನನ್ನ ತಲೆಯನ್ನು ಎರಡು ಕೈಯಲ್ಲಿ ಹಿಡಿದು ಹೊಟ್ಟೆಗೆ ಒತ್ತಿಕೊಂಡಳು. “ಅಳಿ ಅಕ್ಕ, ಅಳಿ. ಇಟ್ಕೊಳ್ಬಾರ್ದು” ಎಂದಳು.

ಅತ್ತೆ. ಎಲ್ಲಿತ್ತೋ ಅಷ್ಟು. ಇಡ್ಲಿಯ, ಸಾಂಬಾರಿನ ವಾಸನೆ. ಅವಳಿಗೆ ಅನಿಶಾಳ ಪ್ರಾಯ. ಬೆನ್ನು ಸವರುತ್ತಾ ಇದ್ದಳು. ಸ್ಟ್ರಾಂಗ್ ಎನ್ನಲಿಲ್ಲ.

ಮಧ್ಯಾಹ್ನದೊಳಗೆ ಸೆಂಟರಿಗೆಲ್ಲ ಗೊತ್ತಾಯಿತು. ಇನ್‌ಚಾರ್ಜ್ ಬಂದು ಇಷ್ಟು ತಿಂಗಳು ಯಾಕೆ ಹೇಳಲಿಲ್ಲ, ರಜೆ ತಗೊಳ್ಳಿ ಎಂದರು. ಉಮ್ ಯೂಸುಫ್ ಸೂಜಿ ಚುಚ್ಚಿದ ಕೈಯಲ್ಲೇ ನನ್ನ ಕೈ ಹಿಡಿದು ಅಲ್ಲಾ ಯರ್ಹಮಾ, ದೇವರು ಅವರನ್ನು ಕರುಣಿಸಲಿ ಎಂದರು. ಅವರ ಗಂಡ ಹೋಗಿ ಎಷ್ಟೋ ವರ್ಷ. ನನಗಾಗಿ ಮತ್ತೆ ಕಣ್ಣೀರು ಹಾಕಿದರು. ನವ್ಯಶ್ರೀ ನನ್ನ ಎರಡು ಪೇಷೆಂಟನ್ನು ತಾನೇ ನೋಡಿಕೊಂಡಳು. ನಾನು ಯಾರಿಗೂ ಅಲ್ಲ ಎನ್ನಲಿಲ್ಲ.

ಇದು ತಪ್ಪು. ಮನುಷ್ಯ ಬದುಕಿದ್ದಾನೆ. ಜಿಂಜ್‌ನಲ್ಲಿದ್ದಾನೆ, ಆರೋಗ್ಯವಾಗಿದ್ದಾನೆ. ಯಾವ ದಿನವಾದರೂ ಸೂಪರ್‌ಮಾರ್ಕೆಟ್ಟಿನಲ್ಲಿ ಇವರ ಎದುರಿಗೇ ಬರಬಹುದು. ನಾಳೆ ಬೆಳಿಗ್ಗೆ ಎಲ್ಲರನ್ನೂ ಕರೆದು ಹೇಳಿಬಿಡಬೇಕು. ಹೇಳಿದ ಕ್ಷಣದಿಂದ ಮತ್ತೆ ಸ್ಟ್ರಾಂಗ್ ಆಗಬೇಕು, ಅದೂ ಗೊತ್ತು.

ನಾಳೆ ಉಮ್ ಯೂಸುಫ್ ಇರುವುದಿಲ್ಲ, ಅವರ ಸರದಿ ಮಂಗಳವಾರ. ಅವರಿದ್ದಾಗಲೇ ಹೇಳುವುದು ಸರಿ. ಹಾಗಾದರೆ ನಾಳೆ ಒಂದು ದಿನ —